ನಾಲ್ಕು ಹಲ್ಲಿನ ಬಿಲ್ಲೆ

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹಿಂದೂಪುರದ ಕಚೇರಿಯಲ್ಲಿ ಆ ಹೆಸರಿಗೆ ಆಗಲೇ ಸಾಕಷ್ಟು ಮಸಿ ಬಿದ್ದಿದೆ, ನನ್ನ ಪೆನ್ನಿನಿಂದಲೂ ಬೀಳುವುದು ಬೇಡ. ಹಳ್ಳಿಯ ಜನ ಅವರನ್ನು ‘ಸರ್ವೇರಪ್ಪನೋರು’ ಅನ್ನುತ್ತಿದ್ದರು. ಅವರ ಕೈಕೆಳಗೆ ಅಳತೆ ಕೆಲಸ ಕಲಿತ ನಾವು ಮೂರು ನಾಲ್ಕು ಜನ ‘ಅಯ್ಯೋರು’ ಅನ್ನುತ್ತಿದ್ದೆವು. ಕಳೆದ ತಿಂಗಳು ಕಲ್ಯಾಣದುರ್ಗದಲ್ಲಿ ತೀರಿಕೊಂಡರು. ಸುದ್ದಿ ಬಂದ ದಿನ ಕಚೇರಿಯವರೆಲ್ಲ ನನ್ನ ಮೇಜಿನ ಹತ್ತಿರ ಬಂದು, ಹೆತ್ತ ತಂದೆಯನ್ನು ಕಳೆದುಕೊಂಡವನನ್ನು ಮಾತಾಡಿಸುವ ಹಾಗೆ ಮಾತಾಡಿಸಿದರು. “ನಿಮ್ಮಂಥ ಶಿಷ್ಯ ಸಿಕ್ಕಿದ್ದು ಅವರ ಪುಣ್ಯ” ಎಂದರು ಒಬ್ಬರು. ಅಂಥ ಪುಣ್ಯ ನನ್ನ ವೈರಿಗೂ ಬೇಡ.

ನಮ್ಮದು ಹಿಂದೂಪುರದಲ್ಲಿ ಹುಣಸೆಹಣ್ಣಿನ ಮಂಡಿ. ಹುಟ್ಟಿದಾಗಿನಿಂದ ಮೂಗಿಗೆ ಅದೇ ಹುಳಿ ವಾಸನೆ. ಅಣ್ಣ ಅಂಗಡಿ ನೋಡಿಕೊಳ್ಳುತ್ತಿದ್ದ. ನಾನು ಸ್ಕೂಲ್ ಫೈನಲ್ ಮುಗಿಸಿ, ಮಂಡಿಯಲ್ಲಿ ಕೂರುವುದಿಲ್ಲ ಅಂತ ಹಟ ಹಿಡಿದೆ. ನಮ್ಮಪ್ಪ ಬೈದೂ ಬೈದೂ ಸಾಕಾಗಿ, ಒಂದು ದಿನ ಬೆಳಿಗ್ಗೆ ನನ್ನನ್ನು ಅಯ್ಯೋರ ಬಾಡಿಗೆ ಮನೆಯ ಮುಂದೆ ತಂದು ನಿಲ್ಲಿಸಿದರು. ಆ ಕಾಲಕ್ಕೆ ಸರ್ವೆ ಇಲಾಖೆಗೆ ಸೇರಬೇಕಾದರೆ ಯಾರಾದರೂ ಹಳೆಯ ಸರ್ವೇಯರ್ ಹತ್ತಿರ ಸಂಬಳವಿಲ್ಲದೆ ಕೆಲಸ ಕಲಿತು, ‘ಇವನು ಬಲ್ಲ’ ಅಂತ ಅವರ ಕೈಯಲ್ಲಿ ಬರೆಸಿಕೊಂಡರೆ ಅರ್ಧ ದಾರಿ ಸಾಗಿದಂತೆ.

ಅಯ್ಯೋರು ನನ್ನ ಮುಖ ನೋಡಲಿಲ್ಲ, ಕಾಲು ನೋಡಿದರು. “ಚಪ್ಲಿ ಬಿಟ್ಟು ಆ ಗೋಡೆ ತಂಕ ನಡ್ದು ಬಾ” ಎಂದರು. ನಡೆದು ಬಂದೆ. “ಇನ್ನೊಂದ್ ಸಲ.” ಮತ್ತೆ ನಡೆದೆ.

“ಹೆಜ್ಜೆ ಒಂದೇ ಸಮ ಐತೆ ಶೆಟ್ರೆ” ಅಂತ ಅಪ್ಪನ ಕಡೆ ತಿರುಗಿದರು. “ನಾಳೆಯಿಂದ ಕಳಿಸಿ. ಅಂಗಡಿನಾಗೆ ಹಾಳಾಗೋ ಕಾಲಲ್ಲ ಇದು.”

ನನ್ನ ಜೀವನದಲ್ಲಿ ಆದ ಸಂದರ್ಶನ ಅದೊಂದೇ.

ಎತ್ತರದ ಆಳು, ಸಣಕಲು ಮೈ. ಹಣೆಯಲ್ಲಿ ಮೂರು ಬೆರಳ ವಿಭೂತಿ, ತಲೆಗೆ ಬಿಳಿ ರುಮಾಲು, ಎರಡು ಗುಂಡಿ ಕಿತ್ತುಹೋದ ಖಾಕಿ ಕೋಟು. ಕಂಕುಳಲ್ಲಿ ಕಪ್ಪು ಕೊಡೆ. ಆ ಕೊಡೆಯನ್ನು ಬಿಚ್ಚಿದ್ದು ನಾನು ಕಾಣೆ. ಏಪ್ರಿಲ್ ತಿಂಗಳ ಬಿಸಿಲಲ್ಲಿ ಕಲ್ಲು ಕಾದು ಸುಡುತ್ತಿರುವಾಗ ಒಮ್ಮೆ ಕೇಳಿದೆ, ಬಿಚ್ಚಬಾರದೇ ಅಂತ. “ಚೈನ್ ಎಳಿಯೋರೆಲ್ಲಾ ಬಿಸ್ಲಾಗವ್ರೆ. ನಾನೊಬ್ನೇ ನೆಳ್ಳಾಗೆ ನಿಂತ್ಕಂಡ್ರೆ ಏನ್ ಚೆಂದ ಕಣ್ಲಾ?” ಎಂದರು. ಹಾಗಾದರೆ ತರುವುದಾದರೂ ಯಾಕೆ ಅಂತ ಕೇಳಿದ್ದಕ್ಕೆ, “ನಾಯಿಗೆ” ಎಂದರು.

ಗಡಿ ಜಗಳದ ಹೊಲಗಳಲ್ಲಿ ಅವರದೊಂದು ಪದ್ಧತಿ ಇತ್ತು. ಇಲಾಖೆಯ ಆಳುಗಳನ್ನು ಬದುವಿನ ಮೇಲೆ ಕೂರಿಸಿ, ಜಗಳ ಆಡಿಕೊಂಡವರ ಕೈಗೇ ಅಳತೆಯ ಚೈನಿನ ಎರಡು ತುದಿ ಕೊಡುತ್ತಿದ್ದರು. “ಹಿಡಕಳ್ರಪ್ಪ, ನಿಮ್ ಹೊಲ, ನಿಮ್ ಕೈ.” ವರ್ಷಗಟ್ಟಲೆ ಮುಖ ನೋಡದ ಅಣ್ಣತಮ್ಮಂದಿರು ಚೈನಿನ ನೆಪದಲ್ಲಿ “ಎಳಿ”, “ಬಿಡು”, “ನಿಲ್ಲು” ಅಂತ ಮಾತಾಡಬೇಕಾಗುತ್ತಿತ್ತು. ಮಧ್ಯಾಹ್ನ ಎರಡೂ ಮನೆಯಿಂದ ಮಜ್ಜಿಗೆ ಬರುತ್ತಿತ್ತು. ಇವರು ಒಬ್ಬರ ಮನೆಯದನ್ನೂ ಮುಟ್ಟುತ್ತಿರಲಿಲ್ಲ. ಎರಡನ್ನೂ ಒಂದೇ ಚೊಂಬಿಗೆ ಹುಯ್ಯಿಸಿ, ಕಲಸಿದ ಮೇಲೆ ಗಟಗಟ ಕುಡಿದು ಮೀಸೆ ಒರೆಸಿಕೊಳ್ಳುತ್ತಿದ್ದರು. ಒಂದು ಊರಲ್ಲಿ ಒಬ್ಬಳು ಅಜ್ಜಿ, ಎದುರು ಪಾರ್ಟಿಯ ಮಜ್ಜಿಗೆ ಜೊತೆ ತನ್ನದನ್ನು ಕಲಸಲು ಒಪ್ಪದೆ ಚೊಂಬು ಎತ್ತಿಕೊಂಡು ಮನೆಗೆ ಹೋಗಿಬಿಟ್ಟಳು. ಅಯ್ಯೋರು ಆ ದಿನ ಸಂಜೆಯವರೆಗೂ ಬಾಯಾರಿಕೊಂಡೇ ಅಳೆದರು, ನಮಗೂ ಕುಡಿಯಲು ಬಿಡಲಿಲ್ಲ. ಅವರನ್ನು ಎಷ್ಟು ಬೈದುಕೊಂಡೆನೋ ಮನಸ್ಸಿನಲ್ಲೇ!

ಮೊದಲ ಒಂದು ವಾರ ನನ್ನನ್ನು ಹೊಲಕ್ಕೇ ಕರೆದೊಯ್ಯಲಿಲ್ಲ. ಮನೆಯ ಜಗುಲಿಯ ಮೇಲೆ ಚೈನು ಸುರಿದು, ಕಣ್ಣು ಮುಚ್ಚಿಸಿ, ಬೆರಳಿನಿಂದ ಬಿಲ್ಲೆ ಗುರುತಿಸು ಅಂದರು. ನಮ್ಮ ಚೈನಿನಲ್ಲಿ ನೂರು ಕೊಂಡಿ. ಹತ್ತು ಕೊಂಡಿಗೊಂದು ಹಿತ್ತಾಳೆ ಬಿಲ್ಲೆ. ಹತ್ತಕ್ಕೆ ಒಂದು ಹಲ್ಲು, ಇಪ್ಪತ್ತಕ್ಕೆ ಎರಡು, ಮೂವತ್ತಕ್ಕೆ ಮೂರು, ನಲವತ್ತಕ್ಕೆ ನಾಲ್ಕು. ನಟ್ಟನಡುವೆ ಐವತ್ತಕ್ಕೆ ಹಲ್ಲಿಲ್ಲದ ಗುಂಡು ಬಿಲ್ಲೆ. ಅಲ್ಲಿಂದಾಚೆ ಲೆಕ್ಕ ತಿರುಗುತ್ತದೆ: ಅರವತ್ತಕ್ಕೆ ಮತ್ತೆ ನಾಲ್ಕು ಹಲ್ಲು, ಎಪ್ಪತ್ತಕ್ಕೆ ಮೂರು. ಚೈನನ್ನು ಯಾವ ತುದಿಯಿಂದ ಹಾಸಿದರೂ ನಡೆಯಲಿ ಅಂತ ಮಾಡಿದ ಏರ್ಪಾಡು ಅದು. ಆದರೆ ನಲವತ್ತು ಮತ್ತು ಅರವತ್ತು ಅವಳಿ ಮಕ್ಕಳ ಹಾಗೆ. ಹೊಸಬರು ಎಡವುವುದು ಅಲ್ಲೇ.

“ನಾಕು ಹಲ್ಲು ಸಿಕ್ತಾ, ಬಾಯಿ ಮುಚ್ಕ” ಎನ್ನುತ್ತಿದ್ದರು. “ಗುಂಡು ದಾಟೈತೋ ಇಲ್ವೋ, ಮೊದ್ಲು ನೋಡು. ಆಮ್ಯಾಕೆ ಬಾಯಿ ಬಿಡು.”

ನನಗೆ ಆಗ ಇದು ಮುದುಕರ ಶಿಸ್ತು ಅನ್ನಿಸಿತ್ತು. ಆರು ತಿಂಗಳ ಮೇಲೆ ತಿಳಿಯಿತು, ಅವರೂ ಬೆರಳಿನಿಂದಲೇ ಓದುತ್ತಿದ್ದಾರೆ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಗುರುತಿನ ಬಾವುಟ ನೆಟ್ಟ ಕಡೆ ಕೈ ಮಾಡಿ “ಅದು ನೆಟ್ಟಗೈತಾ?” ಅಂತ ಕೇಳುವುದು, ಅಳತೆ ಪುಸ್ತಕವನ್ನು ಮೂಗಿಗೆ ತಾಗಿಸಿ ಬರೆಯುವುದು, ಇದೆಲ್ಲ ಕಂಡರೂ ನಾನು ಕೇಳಿರಲಿಲ್ಲ. ಒಂದು ದಿನ ಬುತ್ತಿ ಬಿಚ್ಚಿ ಕೂತಾಗ ಅವರೇ ಹೇಳಿದರು.

“ಇನ್ನು ಎರಡ್ ವರ್ಸ ಐತೆ ಕಣಪ್ಪ ನನ್ ನೌಕ್ರಿ. ಮೇಲಿನೋರಿಗೆ ಗೊತ್ತಾದ್ರೆ ನಾಳೇನೇ ಕಚೇರಿನಾಗೆ ನಕ್ಷೆ ಮಡಿಸೋಕೆ ಕೂರಿಸ್ತಾರೆ. ಹೊಲ ಬಿಟ್ಟು ನಾನು ಬದ್ಕಲ್ಲ. ಅಲ್ಲೀ ತಂಕ ನೀನು ನೋಡಿ ಹೇಳು, ನಾನು ಬರ್ಕಂತೀನಿ. ನೀನು ಹೇಳಿದ್ದು ನಾನೇ ಕಂಡಂಗೆ.”

ಇಪ್ಪತ್ತು ವಯಸ್ಸಿನವನಿಗೆ ಇಂಥ ಮಾತು ಹೇಳಬಾರದು. ತಲೆ ತಿರುಗಿಬಿಡುತ್ತದೆ. ಸರ್ವೇಯರ್ ಅವರಲ್ಲ, ನಾನೇ ಅನ್ನಿಸತೊಡಗಿತು.

ಅದಾದ ಒಂದು ವರ್ಷಕ್ಕೆ, ಪೆನ್ನೆ ಹೊಳೆಯ ಆಚೆ ಒಂದು ಹಳ್ಳಿಯಲ್ಲಿ ಒಂದು ಹೊಲವನ್ನು ಎರಡು ಪಾಲು ಮಾಡಿ ದಾಖಲು ಮಾಡಬೇಕಾಗಿತ್ತು. ಮೂಡಲ ಪಾಲು ಬಾವನದು, ಪಡುವಲ ಪಾಲು ಅವನ ತೀರಿಹೋದ ತಮ್ಮನ ಹೆಂಡತಿಯದು. ನಡುವೆ ಕಲ್ಲು ಒಟ್ಟಿದ ಹಳೆಯ ಬದು. ಬದುವಿನಾಚೆ ಪಡುವಲ ಪಾಲಿನಲ್ಲಿ, ಐದಾರು ಅಡಿ ದೂರಕ್ಕೆ ಒಂದು ಸಣ್ಣ ಬಾವಿ. ಕೆಲಸ ಬಲು ಸುಲಭ: ಮೂಡಲ ಗಡಿ ಕಲ್ಲಿನಿಂದ ಬದುವಿನವರೆಗೆ ಎಷ್ಟು ಅಂತ ಅಳೆದು ಬರೆದುಕೊಳ್ಳುವುದು. ಆಮೇಲೆ ಆ ಲೆಕ್ಕದ ಪ್ರಕಾರ ಕಲ್ಲು ನೆಡುತ್ತಾರೆ.

ಅಂದು ಸಂಜೆ ದೊಡ್ಡಬಳ್ಳಾಪುರದಲ್ಲಿ ನನ್ನ ತಂಗಿಯ ನಿಶ್ಚಿತಾರ್ಥ. ರೈಲು ತಪ್ಪಿದರೆ ಅಪ್ಪ ಚರ್ಮ ಸುಲಿಯುತ್ತಾರೆ. ಮೂರು ಚೈನು ಮುಗಿದು ನಾಲ್ಕನೆಯದು ಹಾಸಿದೆವು. ಬದುವಿನ ಹತ್ತಿರ ಬಗ್ಗಿದೆ. ಕೈಗೆ ನಾಲ್ಕು ಹಲ್ಲಿನ ಬಿಲ್ಲೆ ಸಿಕ್ಕಿತು.

“ಮೂರು ಚೈನು ಅರವತ್ತು!” ಅಂತ ಕೂಗಿದೆ.

ಅಯ್ಯೋರು ಹಿಂದಿನಿಂದ ಕೂಗಿದರು. “ಗುಂಡು ದಾಟೈತೇನೋ?”

“ದಾಟೈತೆ, ದಾಟೈತೆ!”

“ತಡಿ, ಬತ್ತೀನಿ. ಬೆರಳಾಡಿಸ್ತೀನಿ.”

“ನೀವ್ ಬರಬ್ಯಾಡಿ ಅಯ್ಯೋರೆ, ನಾನು ನೋಡೀನಿ. ರೈಲಿಗೆ ಹೊತ್ತಾಯ್ತು!”

ಗುಂಡು ಬಿಲ್ಲೆ ನನ್ನ ಮುಂದೆ ಬಾವಿಯ ಕಡೆಗೆ ಹುಲ್ಲಿನಲ್ಲಿ ಬಿದ್ದಿತ್ತು. ತಲೆ ಎತ್ತಿದ್ದರೆ ಕಾಣುತ್ತಿತ್ತು, ಎತ್ತಲಿಲ್ಲ. ಪಡುವಲ ಕಡೆಯಿಂದ ವಾಪಸ್ ಅಳೆದು ತಾಳೆ ನೋಡುವುದು ಅಯ್ಯೋರ ನಿಯಮ. ಅದನ್ನೂ ನನಗಾಗಿ ಅಂದು ಬಿಟ್ಟರು. “ಹೋಗು ಹೋಗು, ತಂಗಿ ಕಾಯ್ತಿರ್ತಾಳೆ” ಅಂತ ಬೆನ್ನು ತಟ್ಟಿ ಕಳಿಸಿದರು.

ಕಲ್ಲು ಬರುವುದು ಹೇಗೂ ಇದೆ ಅಂತ ಬಾವ ಹಳೆಯ ಬದುವನ್ನು ಕೆಡವಿ ಉತ್ತುಬಿಟ್ಟ. ತಿಂಗಳಾದ ಮೇಲೆ ಆಳುಗಳು ಪುಸ್ತಕದ ಲೆಕ್ಕಕ್ಕೆ ಕಲ್ಲು ನೆಟ್ಟರು. ಇಪ್ಪತ್ತು ಕೊಂಡಿ ಅಂದರೆ ಹದಿಮೂರು ಅಡಿ. ಬಾವಿ ಪೂರ್ತಿ ಬಾವನ ಪಾಲಿಗೆ ಬಿತ್ತು.

ಆಕೆ ಕಚೇರಿಗೆ ಬಂದು ಕೂಗಾಡಲಿಲ್ಲ. ಬಾಗಿಲ ಹತ್ತಿರ ಕೂತು, ಬಂದವರಿಗೆಲ್ಲ ಒಂದೇ ಮಾತು ತೆಲುಗಿನಲ್ಲಿ ಹೇಳುತ್ತಿದ್ದಳು: “ಅಯ್ಯಾ, ಆ ಬಾವಿ ಮಾ ಆಯನ, ನೇನು ಕಲಿಸಿ ತವ್ವಿಂದಿ.” ಗಂಡನೂ ತಾನೂ ಕೂಡಿ ಅಗೆದ ಬಾವಿ. ಅವನು ಗುದ್ದಲಿ ಹಾಕಿದ್ದ, ಇವಳು ಮಣ್ಣು ಹೊತ್ತಿದ್ದಳು. ಮೇಲಧಿಕಾರಿಯೊಬ್ಬರು ಬಂದು ನೆಲ ಅಗೆಸಿ ನೋಡಿದರು. ಹಳೆಯ ಬದುವಿನ ಬುಡದ ಕಲ್ಲುಗಳು ಸಾಲಾಗಿ ಸಿಕ್ಕವು. ಅಳೆದರು. ಮೂರು ಚೈನು ನಲವತ್ತು.

“ಓದಿದ್ದು ಯಾರು?” ಅಂತ ಅಧಿಕಾರಿ ಕೇಳಿದರು.

“ನಾನೇ ಸ್ವಾಮಿ” ಎಂದರು ಅಯ್ಯೋರು. ಕಣ್ಣಿನ ಸಂಗತಿಯೂ ಅಲ್ಲೇ ಹೊರಬಿತ್ತು. ನಾನು ಚೈನು ಸುತ್ತುತ್ತಾ ನಿಂತಿದ್ದೆ.

ಇಲ್ಲಿಯವರೆಗೆ ನಡೆದದ್ದು ಅವಸರ. ಅದಕ್ಕೆ ನನ್ನನ್ನು ನಾನು ಹೇಗೋ ಕ್ಷಮಿಸಿಕೊಂಡೇನು. ವಾಪಸ್ ಬರುವ ದಾರಿಯಲ್ಲಿ ನಡೆದದ್ದಕ್ಕೆ ಕ್ಷಮೆ ಇಲ್ಲ. ಗಾಡಿಯ ಹಿಂದೆ ಇಬ್ಬರೇ ನಡೆದುಕೊಂಡು ಬರುತ್ತಿದ್ದೆವು. ಅಯ್ಯೋರು ನಿಂತರು.

“ನಿನ್ನ ಒಂದ್ ಮಾತು ಕೇಳ್ತೀನಿ ಕಣಪ್ಪ. ನೀನು ಅವತ್ತು ನಲವತ್ತು ಅಂದಿದ್ದೆ, ಅಲ್ವಾ? ನನಗೆ ಅರವತ್ತು ಅಂತ್ಲೇ ಗ್ಯಾಪ್ಕ. ನಾನೇ ತಪ್ಪು ಬರ್ಕಂಡ್ಬುಟ್ನಾ?”

ನನ್ನ ಕಲಿಕೆ ಮುಗಿಯಲು ಹದಿನೈದು ದಿನ ಉಳಿದಿತ್ತು. ಸರ್ಟಿಫಿಕೇಟಿಗೆ ಅವರ ರುಜು ಬೀಳಬೇಕಾಗಿತ್ತು. ನಾನು ಅವರ ಮುಖ ನೋಡದೆ ಹೇಳಿದೆ:

“ಹೂಂ ಅಯ್ಯೋರೆ. ನಲವತ್ತು ಅಂದಿದ್ದೆ.”

ಸ್ವಲ್ಪ ದೂರ ನಡೆದ ಮೇಲೆ, “ಹಂಗಾರೆ ಕಣ್ಣೊಂದೇ ಅಲ್ಲ, ಬುದ್ಧೀನೂ ಹೋಗೈತೆ” ಎಂದರು.

ಅಧಿಕಾರಿ ಒಳ್ಳೆಯವರು. ಕಲ್ಲು ತಿದ್ದಿಸಿ, ಬಾವಿಯನ್ನು ಆಕೆಗೆ ಕೊಡಿಸಿ, ಇವರಿಗೆ ಎಚ್ಚರಿಕೆ ಕೊಟ್ಟು ಬಿಟ್ಟುಬಿಡುತ್ತಿದ್ದರು. ಇವರೇ ಒಪ್ಪಲಿಲ್ಲ. ಕೇಳಿದ್ದು ಒಂದು, ಬರೆದದ್ದು ಒಂದು ಆಗುವವನು ಸರ್ಕಾರದ ಪುಸ್ತಕ ಮುಟ್ಟಬಾರದು ಅಂತ ರಾಜೀನಾಮೆ ಕೊಟ್ಟರು. ಹೋಗುವ ಮುಂಚೆ ಆ ಹಳ್ಳಿಗೆ ಹೋಗಿ ಆಕೆಗೆ ಕೈ ಮುಗಿದು ಬಂದರಂತೆ. ನನ್ನ ಸರ್ಟಿಫಿಕೇಟನ್ನು ಮೂಗಿಗೆ ಹಿಡಿದು ತಾವೇ ಬರೆದರು: ‘ಈತನ ಅಳತೆಯನ್ನು ಕಣ್ಣು ಮುಚ್ಚಿ ನಂಬಬಹುದು.’ ಈ ಹೊತ್ತಿಗೂ ಅದೇ ಕಾಗದದ ಮೇಲೆ ನನ್ನ ಅನ್ನ ನಡೆಯುತ್ತಿದೆ.

ಹೆಂಡತಿ ಇದ್ದ ಕಲ್ಯಾಣದುರ್ಗಕ್ಕೆ ಹೋದರು. ಅಲ್ಲಿಂದ ಶುರುವಾಯಿತು ನೋಡಿ. ಎರಡು ತಿಂಗಳಿಗೆ ಒಂದು ಕಾರ್ಡು ಬಂತು, ಪಕ್ಕದ ಮನೆಯವರ ಕೈಯಲ್ಲಿ ಬರೆಸಿದ್ದು. ಇಂಥ ಊರಿನ ಕೆರೆಯ ಹಿಂದೆ ಬಡಗಿಯವರ ಹೊಲವಿದೆ, ಹತ್ತು ವರ್ಷದ ಕೆಳಗೆ ನಾನು ಅಳೆದದ್ದು, ತೆಂಕಣ ಅಳತೆಯ ಮೇಲೆ ಅನುಮಾನವಾಗಿದೆ, ಒಮ್ಮೆ ನೋಡು ಅಂತ. ನಾನು ಆಗ ಕೆಲಸಕ್ಕೆ ಸೇರಿದ್ದೆ. ಹೋಗಿ ಅಳೆದೆ. ಕೊಂಡಿಗೆ ಕೊಂಡಿ ಸರಿ ಇತ್ತು. ಹಾಗೆಂದು ಬರೆದೆ. ಮುಂದಿನ ತಿಂಗಳು ಇನ್ನೊಂದು ಕಾರ್ಡು. ಅದರ ಮುಂದಿನ ತಿಂಗಳು ಎರಡು. ಮೂವತ್ತು ವರ್ಷದಲ್ಲಿ ಅಳೆದ ಹೊಲಗಳೆಲ್ಲ ಒಂದೊಂದಾಗಿ ಎದ್ದು ಬಂದು ಆ ಮನುಷ್ಯನನ್ನು ಕೇಳುತ್ತಿದ್ದವು. ಯಾರ ಬಾವಿ ಯಾರಿಗೆ ಕೊಟ್ಟೆನೋ, ಯಾರ ಮರ ಯಾರ ಪಾಲಿಗೆ ಹಾಕಿದೆನೋ ಅಂತ.

ನಾನು ಒಂದನ್ನೂ ಬಿಡಲಿಲ್ಲ. ರಜೆ ಹಾಕಿ ಸೆಟ್ಟೂರಿನ ಆಚೆ, ಮೈಸೂರು ಸೀಮೆಯ ಅಂಚಿನ ಬೀಳು ಹೊಲಗಳಿಗೂ ಹೋಗಿ ಬಂದೆ. ಕುರಿ ಕಾಯುವವರು “ಈ ಬೀಳಿನಾಗೆ ಏನ್ ಉಳ್ಕಂಡೈತೆ ಸ್ವಾಮಿ, ಮತ್ತೆ ಅಳೀತೀರಾ?” ಅಂತ ನಗುತ್ತಿದ್ದರು. ಯುದ್ಧ ಮುಗಿಯಿತು, ಬ್ರಿಟಿಷರು ಹೋದರು, ನನಗೆ ಮದುವೆಯಾಯಿತು. ಕಾರ್ಡು ಬರುವುದು ನಿಲ್ಲಲಿಲ್ಲ. ಎಲ್ಲಿಯೂ ಒಂದು ಕೊಂಡಿಯಷ್ಟು ತಪ್ಪು ಸಿಗಲಿಲ್ಲ. ಪ್ರತಿ ಸಲ ‘ಸರಿ ಇದೆ’ ಅಂತ ಬರೆದು, ಅದರ ಕೆಳಗೆ ಬರೆಯಬೇಕಾದ ಇನ್ನೊಂದು ಸಾಲನ್ನು ಬರೆಯದೆ ಅಂಚೆಗೆ ಹಾಕುತ್ತಿದ್ದೆ. ಹೇಡಿ ನನ್ನ ಮಗ, ಇನ್ನೇನು!

ಎರಡು ವರ್ಷದ ಹಿಂದೆ, ಒಂದೇ ವಾರದಲ್ಲಿ ಮೂರು ಕಾರ್ಡು ಬಂದಾಗ ಇನ್ನು ತಡೆಯಲಾಗಲಿಲ್ಲ. ಬಸ್ಸು ಹತ್ತಿ ಕಲ್ಯಾಣದುರ್ಗಕ್ಕೆ ಹೋದೆ. ಅಯ್ಯೋರು ಪಡಸಾಲೆಯ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಕಣ್ಣು ಪೂರ್ತಿ ಹೋಗಿತ್ತು. ಧ್ವನಿ ಹಿಡಿದು ಗುರುತಿಸಿ, ಕೈ ಚಾಚಿ ನನ್ನ ಮುಖವನ್ನೆಲ್ಲ ತಡವಿದರು. ಅಮ್ಮನೋರು, ಅಂದರೆ ಅವರ ಹೆಂಡತಿ, ಕಡ್ಲೆಕಾಯಿ ಬಿಡಿಸುತ್ತಾ ಅಲ್ಲೇ ಕೂತಿದ್ದರು. ಕೂತ ತಕ್ಷಣ ಹೇಳಿಬಿಟ್ಟೆ, ಇಲ್ಲವಾದರೆ ಆಗುವುದಿಲ್ಲ ಅಂತ.

“ಅಯ್ಯೋರೆ, ಅವತ್ತು ನಾನು ಅರವತ್ತು ಅಂದಿದ್ದೆ. ನೀವು ಬರೆದದ್ದು ಸರಿ. ಗುಂಡು ಎಲ್ಲಿದೆ ಅಂತ ನಾನು ನೋಡಲಿಲ್ಲ. ಆಮೇಲೆ ನಿಮ್ಮ ಮುಂದೆ ಸುಳ್ಳು ಹೇಳಿದೆ.”

ಅಯ್ಯೋರು ನಕ್ಕರು. ನನ್ನ ತಲೆಯ ಮೇಲೆ ಕೈ ಇಟ್ಟು ಹೆಂಡತಿಯ ಕಡೆ ತಿರುಗಿದರು.

“ಕೇಳಿದ್ಯೇನೆ? ನನ್ ತಪ್ಪು ತನ್ ತಲೆ ಮ್ಯಾಲೆ ಹಾಕ್ಕಂಡು ಹೋಗಾಕೆ ಹಿಂದೂಪುರದಿಂದ ಬಂದವ್ನೆ. ಹೊಟ್ಟೆಗೆ ಹುಟ್ಟಿದ ಮಕ್ಕಳು ಮಾಡಲ್ಲ ಕಣೆ ಇಂಥ ಕೆಲ್ಸ.”

“ಇಲ್ಲ ಅಯ್ಯೋರೆ, ನಿಮ್ಮಾಣೆ, ಶಿವನಾಣೆ...”

“ಆಣೆಗೀಣೆ ಇಡಬ್ಯಾಡ ಸುಮ್ಕಿರು. ನಾನು ಕಲಿಸಿದೋನು ನಾಕು ಹಲ್ಲಿಗೆ ಎಡವ್ತಾನಾ? ಎದ್ದು ಕೈ ತೊಳ್ಕ, ಉಣ್ಣಾನ.”

ಎಷ್ಟು ಹೇಳಿದರೂ ಕೇಳಲಿಲ್ಲ. ಅಮ್ಮನೋರು ನನ್ನನ್ನು ಕೂರಿಸಿ ಜೋಳದ ರೊಟ್ಟಿ ಬಡಿಸಿದರು, ಕಣ್ಣಲ್ಲಿ ನೀರು ತುಂಬಿಕೊಂಡು. ನಾನು ತಿಂದೆ. ಮುಂದಿನ ತಿಂಗಳು ಮತ್ತೆ ಕಾರ್ಡು ಬಂತು.

ಸುದ್ದಿ ಬಂದ ಮಾರನೆಯ ದಿನವೇ ಹೋದೆ. ಅಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಅಮ್ಮನೋರು ಒಬ್ಬರೇ ಕೂತಿದ್ದರು. ಪಕ್ಕದಲ್ಲಿ ನನ್ನ ಕಾರ್ಡುಗಳ ಕಟ್ಟು.

“ಸರಿ ಐತೆ, ಸರಿ ಐತೆ ಅಂತ ಬರೀತಿದ್ಯಲ್ಲಪ್ಪ, ದಿಟವಾಗ್ಲೂ ಅಳ್ದು ಬರ್ದಿದ್ದಾ? ಇಲ್ಲ ಅವರ ಸಮಾಧಾನಕ್ಕಾ?”

“ಅಳೆದೇ ಬರೆದದ್ದು ಅಮ್ಮ. ಎಲ್ಲಾ ಸರಿ ಇತ್ತು. ಅವರ ಜೀವಮಾನದಲ್ಲಿ ಒಂದೂ ತಪ್ಪಿಲ್ಲ. ಅದೊಂದು ಬಾವಿಯದ್ದೂ ಅವರ ತಪ್ಪಲ್ಲ. ಅವತ್ತು ಇಲ್ಲಿಗೆ ಬಂದು ನಾನು ಹೇಳಿದ್ದು ನಿಜ.”

ಅವರು ನನ್ನನ್ನೇ ನೋಡುತ್ತಾ ಕೂತರು. ನಾನು ಈ ಸಲ ಮುಖ ತಿರುಗಿಸಲಿಲ್ಲ.

“ಇಲ್ಲಿಗೆ ಬಂದ ದಿನಾನೇ ನಂಗೆ ಅಂದಿದ್ರು” ಎಂದರು ಆಮೇಲೆ, ಬಲು ಮೆಲ್ಲಗೆ. “ಹುಡ್ಗ ಅರವತ್ತು ಅಂದಂಗೇ ಗ್ಯಾಪ್ಕ ಕಣೆ, ಆದ್ರೆ ಅವನು ಸುಳ್ಳು ಹೇಳೋನಲ್ಲ, ನನ್ ತಲೇನೇ ಕೆಟ್ಟೈತೆ ಅಂತ. ಅವತ್ತಿಂದ ಆ ಜೀವ ಕಣ್ ತುಂಬ ನಿದ್ದೆ ಮಾಡ್ಲಿಲ್ಲ ಕಣೋ. ಎದ್ದು ಕೂತ್ಕಂಡು ಕೊಂಡಿ ಎಣಿಸೋದು, ಮನಿಕ್ಕಳೋದು, ಮತ್ತೆ ಎದ್ದು ಎಣಿಸೋದು...”

ಮಾತು ಅಲ್ಲಿಗೆ ನಿಲ್ಲಿಸಿ ಎದ್ದು ಒಳಗೆ ಹೋದರು. ಸಂಜೆಯವರೆಗೂ ಕಾದೆ, ಹೊರಗೆ ಬರಲಿಲ್ಲ.

ಹಿಂದೂಪುರಕ್ಕೆ ಬಂದು ನಡೆದದ್ದನ್ನೆಲ್ಲ ಮೇಲಿನವರಿಗೆ ಬರೆದು ಕೊಟ್ಟೆ, ಅಯ್ಯೋರ ಹೆಸರಿನ ಮುಂದಿರುವ ತಪ್ಪಿನ ಮಾತನ್ನು ಹೊಡೆದು ನನ್ನ ಹೆಸರಿನ ಮುಂದೆ ಬರೆಯಿರಿ ಅಂತ. ಈಗಿನ ಅಧಿಕಾರಿ ಓದಿ ಕನ್ನಡಕ ತೆಗೆದರು. “ಗುರುಭಕ್ತಿ ಇರಬೇಕು, ಆದರೆ ಇಷ್ಟು ಬೇಡ ಕಣ್ರೀ. ಸತ್ತವರಿಗಾಗಿ ನಿಮ್ಮ ನೌಕರಿ ಕಳೆದುಕೊಳ್ಳಬೇಡಿ” ಅಂತ ಕಾಗದವನ್ನು ನನ್ನ ಕೈಗೇ ವಾಪಸ್ ಕೊಟ್ಟರು. ಕಚೇರಿಯಲ್ಲಿ ಈಗ ನನ್ನನ್ನು ಕಂಡರೆ ಮೊದಲಿಗಿಂತ ಹೆಚ್ಚು ಮರ್ಯಾದೆ.

ಅಯ್ಯೋರ ಉತ್ತರಕ್ರಿಯೆಗೆ, ಶಿವಗಣಾರಾಧನೆಯ ದಿನ, ಮತ್ತೆ ಕಲ್ಯಾಣದುರ್ಗಕ್ಕೆ ಹೋಗಿದ್ದೆ. ಅಮ್ಮನೋರು ಬಂದವರನ್ನೆಲ್ಲ ಮಾತಾಡಿಸಿ, ಉಂಡು ಹೋಗಿ ಅಂತ ಒಬ್ಬೊಬ್ಬರಿಗೂ ಹೇಳುತ್ತಾ ಬಂದರು. ನನ್ನ ಹತ್ತಿರ ಬಂದಾಗ ಸೆರಗು ಎಳೆದುಕೊಂಡು, ಅಲ್ಲಿ ಯಾರೂ ಇಲ್ಲದ ಹಾಗೆ ದಾಟಿ ಹೋದರು. ನನ್ನ ಮಾತನ್ನು ನಂಬಿದವರು ಅವರೊಬ್ಬರೇ.